ಪೀಠದ ರೊಟ್ಟಿ ನಾದಿದವಳು

"ತೆಗಿ ಕೈ! ಆ ಹಿಟ್ಟಿಂದ ಕೈ ತೆಗಿ ಅಂದೆ, ಕೇಳಿಸಲಿಲ್ವಾ?"

ವಿಯೋರಿಕಾ ಬಾಗಿಲಲ್ಲೇ ನಿಂತು ಕಿರುಚಿದಳು. ಹೆಗಲ ಮೇಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಇಟಲಿಯಿಂದ ಬಸ್ಸಿನಲ್ಲಿ ಕೂತು ಕೂತು ಕಾಲು ಊದಿಕೊಂಡಿದ್ದವು. ಅತ್ತೆಗೆ ಹೇಳದೆ ಬಂದಿದ್ದಳು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಇದು. ಅತ್ತೆಯ ಅಡುಗೆಮನೆಯಲ್ಲಿ, ಅತ್ತೆಯ ಮರದ ಮರಿಗೆಯೊಳಗೆ, ಮೊಣಕೈವರೆಗೆ ಕೈ ಹಾಕಿ ನಿಂತಿದ್ದಳು ಜಿಪ್ಸಿ ಕೇರಿಯ ಸಾಫ್ತಾ.

ಅದು ಮನೆಯವರು ತಿನ್ನುವ ರೊಟ್ಟಿಯ ಹಿಟ್ಟಲ್ಲ. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಶಿಲುಬೆ ಕೆತ್ತಿದ ಮರದ ಮುದ್ರೆ ಇತ್ತು. ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಪೀಠದ ಮೇಲಿಟ್ಟು, ಇದು ಕ್ರಿಸ್ತನ ದೇಹ ಎಂದು ಊರಿಗೆ ಹಂಚುವ ರೊಟ್ಟಿಯ ಹಿಟ್ಟು.

ಸಾಫ್ತಾ ತಲೆಯೆತ್ತಲಿಲ್ಲ. ನಾದುತ್ತಲೇ ಇದ್ದಳು. ಪೀಠದ ರೊಟ್ಟಿ ನಾದುವಾಗ ಮಾತಾಡಬಾರದು. ಹೊಟ್ಟೆ ಖಾಲಿ ಇರಬೇಕು, ಬಾಯಿ ಮುಚ್ಚಿರಬೇಕು, ಒಳಗೆ ಪ್ರಾರ್ಥನೆ ನಡೆಯುತ್ತಿರಬೇಕು. ಆ ಊರಿನ ಕಟ್ಟಳೆ ಅದು. ವಿಯೋರಿಕಾಳಿಗೂ ಗೊತ್ತಿದ್ದದ್ದೇ. ಸಿಟ್ಟಿನಲ್ಲಿ ಮರೆತಿದ್ದಳು.

"ಏನೇ, ನಾಲಿಗೆ ಬಿದ್ದೋಗಿದ್ಯಾ? ಕಸ ಗುಡ್ಸೋಕೆ ಅಂತ ಒಳಗೆ ಬಿಟ್ರೆ ಮರಿಗೆಗೇ ಕೈ ಹಾಕ್ತೀಯಾ?"

ಸಾಫ್ತಾ ಹಿಟ್ಟು ಮಡಿಚಿದಳು. ಅಂಗೈಯಿಂದ ಒತ್ತಿದಳು. ಮತ್ತೆ ಮಡಿಚಿದಳು.

"ನೋಡು ಕೊಬ್ಬು! ಮಾತಾಡ್ಸಿದ್ರೆ ತಿರುಗೂ ನೋಡಲ್ಲ!"

ಒಳಕೋಣೆಯಿಂದ ಮುದುಕಿ ಅಗ್ರಿಪೀನಾಳ ದನಿ ಬಂತು. "ಬಿಡು ವಿಯೋರಿಕಾ. ನಾನೇ ಹೇಳಿದ್ದು."

"ನೀವು ಸುಮ್ನೆ ಬಿದ್ಕೊಳ್ಳಿ ಅತ್ತೆ! ನಿಮಗೆ ಅರುಳುಮರುಳು."

ಚೀಲ ಎಸೆದಳು. ಮರಿಗೆಯ ಎರಡೂ ತುದಿ ಹಿಡಿದು ಎಳೆದಳು. ಸಾಫ್ತಾಳ ಕೈ ಹಿಟ್ಟಿನಿಂದ ಕಿತ್ತು ಬಂತು. ವಿಯೋರಿಕಾ ಮರಿಗೆ ಹೊತ್ತು ಹಿತ್ತಲಿಗೆ ಹೋಗಿ ಹಂದಿಗೂಡಿನೊಳಕ್ಕೆ ಸುರಿದಳು. ಹಂದಿ ಓಡಿ ಬಂದು ಬಾಯಿ ಹಾಕಿತು.

ಅಷ್ಟಕ್ಕೆ ನಿಂತಿದ್ದರೆ ಮನೆಯ ಮಾನ ಮನೆಯಲ್ಲೇ ಇರುತ್ತಿತ್ತು. ನಿಲ್ಲಲಿಲ್ಲ. ಬೇಲಿಯ ಆಚೆ ನೆರೆಮನೆಯ ಹೆಂಗಸರು ಬಟ್ಟೆ ಹಿಂಡುತ್ತಿದ್ದರು. ಅವರನ್ನು ಕಂಡದ್ದೇ ಇವಳ ಗಂಟಲು ತಾನಾಗಿ ತೆರೆಯಿತು.

"ಕೇಳಿದ್ರೇನ್ರೇ! ಜಿಪ್ಸಿಯವಳು ನಾದಿದ್ದನ್ನ ನುಂಗ್ತಿದ್ದೀವಿ ಕಣ್ರೇ ನಾವೆಲ್ಲ, ಪ್ರಸಾದ ಅಂತ!"

ಹೇಳಿ ಮುಗಿಸಿದ್ದೇ ಬಾಯಿಗೆ ಕೈ ಅಡ್ಡ ಹಿಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೆರೆಯವಳ ಕೈಯಲ್ಲಿದ್ದ ಬಟ್ಟೆ ಕೆಸರಿಗೆ ಬಿದ್ದಿತ್ತು.

ಸಾಫ್ತಾ ಹಿತ್ತಲಿಗೆ ಬಂದಳು. ಖಾಲಿ ಮರಿಗೆ ಎತ್ತಿಕೊಂಡಳು. ತೊಳೆದಳು. ಆ ನೀರನ್ನು ಯಾರೂ ತುಳಿಯಬಾರದು. ಅದಕ್ಕೆ ಅಕ್ರೋಟು ಮರದ ಬುಡಕ್ಕೆ ಹುಯ್ದಳು. ಕೈ ಒರೆಸಿಕೊಂಡಳು. ಆಮೇಲೆ ಮಾತಾಡಿದಳು.

"ಹಂದಿಗೆ ಹಾಕಿದ್ರಲ್ಲ ತಾಯಿ. ಎಷ್ಟು ಸಲ ಜರಡಿ ಹಿಡಿದಿದ್ದೆ."

ಅಷ್ಟೇ ಹೇಳಿದ್ದು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ದಣಿದಿದ್ದಳು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ.

*

ಊರು ದಿಬ್ಬದ ಮೇಲಿದೆ. ಕೇರಿ ಕೆಳಗಿದೆ. ಕೇರಿಯ ಹೆಸರು ಮಣ್ಣುಗುಂಡಿ. ಅಲ್ಲಿಯ ಜನ ಬೇಸಿಗೆಯಲ್ಲಿ ಗುಂಡಿ ತೋಡಿ, ಮಣ್ಣಿಗೆ ಹೊಟ್ಟು ಕಲಸಿ, ಬರಿಗಾಲಲ್ಲಿ ತುಳಿದು ಇಟ್ಟಿಗೆ ಮಾಡುತ್ತಾರೆ. ದಿಬ್ಬದ ಮೇಲಿನ ಮನೆಗಳ ಗೋಡೆಗಳೆಲ್ಲ ಆ ಕಾಲುಗಳು ತುಳಿದ ಮಣ್ಣೇ. ಗೋಡೆಗೆ ಅಡ್ಡಿಯಿಲ್ಲ. ಗೋಡೆಯನ್ನು ಯಾರೂ ತಿನ್ನುವುದಿಲ್ಲವಲ್ಲ.

ಚಳಿಗಾಲ ಬಂದರೆ ಪ್ರೂತ್ ನದಿಯ ಕಡೆಯಿಂದ ಗಾಳಿ ಬೀಸುತ್ತದೆ. ಮಣ್ಣು ಕಲ್ಲಾಗುತ್ತದೆ. ಆಗ ಕೇರಿಯ ಹೆಂಗಸರು ದಿಬ್ಬ ಹತ್ತುತ್ತಾರೆ. ಸೌದೆ ಸೀಳುತ್ತಾರೆ, ದನದ ಕೊಟ್ಟಿಗೆ ಬಾಚುತ್ತಾರೆ, ಒಲೆಯ ಹೊಗೆಗೂಡಿನ ಮಸಿ ತೆಗೆಯುತ್ತಾರೆ. ಹಿಂಬಾಗಿಲಿಂದ ಹೋಗಿ ಹಿಂಬಾಗಿಲಿಂದ ಬರುತ್ತಾರೆ.

ಸಾಫ್ತಾಳ ಗಂಡ ಯೊರ್ದಾಕೆ ಸತ್ತದ್ದು ಗುಂಡಿಯಲ್ಲೇ. ಮಳೆಗೆ ನೆನೆದ ದಡ ಕುಸಿದು ಮೈಮೇಲೆ ಬಿತ್ತು. ತೋಡಿ ತೆಗೆಯುವಷ್ಟರಲ್ಲಿ ಬಾಯಿ ತುಂಬ ಮಣ್ಣು. ಆ ಮಣ್ಣನ್ನು ಸಾಫ್ತಾ ಬೆರಳು ಹಾಕಿ ತೆಗೆದಿದ್ದಳು. ಮಗಳು ನಾರ್ಚೀಸಾ ಆಗ ಎದೆಯುದ್ದ ಇದ್ದಳು. ಆ ಚಳಿಗಾಲದಲ್ಲೇ ಸಾಫ್ತಾ ಅಗ್ರಿಪೀನಾಳ ಹಿಂಬಾಗಿಲು ತಟ್ಟಿದ್ದು.

ಪೀಠದ ರೊಟ್ಟಿ ಮಾಡುವ ಹಕ್ಕು ಆ ಊರಲ್ಲಿ ಒಬ್ಬಳಿಗೇ. ಗಂಡ ಸತ್ತವಳಾಗಿರಬೇಕು. ಊರು ಬೆರಳು ತೋರಿಸದ ಹಾಗೆ ಬಾಳಿದವಳಾಗಿರಬೇಕು. ಪಾದ್ರಿ ಹರಸಿ ಮುದ್ರೆ ಕೊಡುತ್ತಾನೆ. ಅದು ಸಾಯುವ ತನಕ ಅವಳದು. ಸತ್ತರೆ ಇಗರ್ಜಿಯ ಗೋಡೆಯ ಪಕ್ಕದಲ್ಲೇ ಅವಳಿಗೆ ಮಣ್ಣು. ಅಗ್ರಿಪೀನಾ ಅಂಥವಳು. ಅವಳು ಬೀದಿಯಲ್ಲಿ ಬಂದರೆ ಗಂಡಸರೂ ಟೋಪಿ ತೆಗೆಯುತ್ತಿದ್ದರು.

ಆದರೆ ಕೈ ಹೋಯಿತು. ಬೆರಳುಗಳು ಒಣಗಿದ ಬೇರಿನಂತೆ ಒಳಕ್ಕೆ ತಿರುಗಿದವು. ಚಮಚ ಹಿಡಿಯಲು ಬರುತ್ತಿರಲಿಲ್ಲ. ಪಾದ್ರಿಗೆ ಹೇಳಿದರೆ ಮುದ್ರೆ ಇನ್ನೊಬ್ಬಳಿಗೆ ಹೋಗುತ್ತದೆ. ಮುದುಕಿಗೆ ಇದ್ದದ್ದು ಅದೊಂದೇ. ಮಗ, ಸೊಸೆ ಇಟಲಿಯಲ್ಲಿ ಯಾರದೋ ಮುದುಕರ ಮೈ ತೊಳೆಯುತ್ತಿದ್ದರು. ಇಲ್ಲಿ ಇವಳ ಮೈ ತೊಳೆಯುತ್ತಿದ್ದವಳು ಸಾಫ್ತಾ.

ಒಂದು ಶುಕ್ರವಾರ ಮುದುಕಿ ಮರಿಗೆಯ ಮುಂದೆ ನಿಂತು ಅಳುತ್ತಿದ್ದಳು. ನೀರು ತಂದ ಸಾಫ್ತಾ ನೋಡಿದಳು.

"ಏನಜ್ಜಿ?"

"ಕೈ ಬಗ್ಗಲ್ಲ ಕಣೇ."

"ಯಾರನ್ನಾದ್ರೂ ಕರೀಲಾ?"

ಮುದುಕಿ ಬಾಗಿಲ ಕಡೆ ನೋಡಿದಳು. ಕಿಟಕಿಯ ಪರದೆ ಎಳೆದಳು. "ನಿನ್ನ ಗಂಡ ಸತ್ತಿದ್ದಾನೆ ಅಲ್ವಾ?"

"ಹೂಂ ಅಜ್ಜಿ."

"ಆಮೇಲೆ ಇನ್ಯಾರೂ ಇಲ್ಲ ತಾನೇ?"

"ಬೆನ್ನು ಮುರಿಯೋ ಹಂಗೆ ದುಡಿದು ಹೋಗಿ ಬೀಳ್ತೀನಿ. ಇನ್ಯಾರು ಅಜ್ಜಿ?"

"ಕೈ ತೊಳ್ಕೋ ಹಂಗಾದ್ರೆ. ಮೊಣಕೈವರೆಗೂ ತೊಳ್ಕೋ."

ಸಾಫ್ತಾ ಕದಲಲಿಲ್ಲ. "ನಾನು ಯಾರು ಅಂತ ಗೊತ್ತಲ್ಲ ಅಜ್ಜಿ?"

"ಗೊತ್ತು. ಮೇಲಿರೋ ಅವನಿಗೂ ಗೊತ್ತು. ತೊಳ್ಕೋ."

ಹಾಗೆ ಶುರುವಾಯಿತು. ಮುದುಕಿ ಪಕ್ಕದಲ್ಲಿ ಕೂತು ಪ್ರಾರ್ಥನೆ ಹೇಳುವಳು, ಸಾಫ್ತಾ ನಾದುವಳು. ಮೊದಮೊದಲು ಮುದ್ರೆ ಒತ್ತುವುದು ಮುದುಕಿಯೇ. ಆಮೇಲೆ ಅದೂ ಆಗದೆ ಸಾಫ್ತಾಳೇ ಒತ್ತಿದಳು. ಕಾಲಲ್ಲಿ ಮಣ್ಣು ತುಳಿದವಳಿಗೆ ಕೈಯಲ್ಲಿ ಹಿಟ್ಟು ನಾದುವುದು ಹೊಸದೇನಲ್ಲ. ಎರಡಕ್ಕೂ ಸೊಂಟವೇ ಬೇಕು. ಎರಡೂ ಮುಗಿದ ಮೇಲೆ ಸೊಂಟವೇ ನೋಯುತ್ತದೆ.

ಕೂಲಿ ಕೇಳಲಿಲ್ಲ. ಶುಕ್ರವಾರ ರಾತ್ರಿ ಊಟ ಬಿಡುತ್ತಿದ್ದಳು. ಕೆಲವು ವಾರ ಬಿಡಲು ಊಟವೇ ಇರುತ್ತಿರಲಿಲ್ಲ, ಆ ಮಾತು ಬೇರೆ. ಶನಿವಾರ ಒಲೆಯಿಂದ ರೊಟ್ಟಿ ತೆಗೆದಾಗ ಮುದ್ರೆ ಸರಿಯಾಗಿ ಎದ್ದಿದ್ದರೆ ಅವಳ ಎದೆಯೊಳಗೆ ಏನೋ ಒಂದು ಸಮಾಧಾನದಿಂದ ಕೂರುತ್ತಿತ್ತು. ಅದಕ್ಕೆ ಹೆಸರಿಡಲು ಅವಳಿಗೆ ಬರುತ್ತಿರಲಿಲ್ಲ. ಕರ್ತನೇ, ಕರುಣಿಸು ಎಂದಷ್ಟೇ ಬರುತ್ತಿತ್ತು. ಮಣ್ಣು ತುಳಿಯುವಾಗಲೂ ಅದನ್ನೇ ಹೇಳುತ್ತಿದ್ದಳು, ಯೊರ್ದಾಕೆಯ ಬಾಯಿಂದ ಮಣ್ಣು ತೆಗೆಯುವಾಗಲೂ ಅದನ್ನೇ ಹೇಳಿದ್ದಳು.

ಭಾನುವಾರ ಇಗರ್ಜಿಯಲ್ಲಿ ಅವಳ ಜಾಗ ಬಾಗಿಲಾಚೆಯ ಜಗಲಿ. ಕೇರಿಯವರೆಲ್ಲ ಅಲ್ಲೇ. ಒಳಗೆ ಬರಬೇಡಿ ಎಂದು ಯಾರೂ ಬರೆದು ಹಾಕಿಲ್ಲ. ಬರೆಯುವ ಅಗತ್ಯವೂ ಇಲ್ಲ. ಒಂದು ಹೆಜ್ಜೆ ಒಳಗಿಟ್ಟರೆ ಹತ್ತಿರ ನಿಂತ ಹೆಂಗಸು ಮೂಗಿಗೆ ತಲೆರುಮಾಲಿನ ಅಂಚು ಹಿಡಿಯುತ್ತಾಳೆ. ಆಮೇಲೆ ನಿಮ್ಮ ಕಾಲು ತಾನಾಗಿ ಹಿಂದೆ ಬರುತ್ತದೆ. ಶನಿವಾರ ಮಂಡಿಯೂರಿ ಅದೇ ನೆಲದ ಮೇಣ ಕೆರೆದು ತೊಳೆಯುವಾಗ ಮಾತ್ರ ಸಾಫ್ತಾ ಒಳಗೆ. ತೊಳೆಯುವ ದಿನ ದೇವರು ಅವಳೊಬ್ಬಳಿಗೇ ಸಿಗುತ್ತಿದ್ದ. ಪೂಜೆಯ ದಿನ ಊರಿನವರಿಗೆ.

ಕೊನೆಯಲ್ಲಿ ಪಾದ್ರಿ ತೆಯೋಫಿಲ್ ಉಳಿದ ರೊಟ್ಟಿಯ ತುಣುಕು ಹಂಚುತ್ತಾನೆ. ಒಳಗಿನವರಿಗೆಲ್ಲ ಆದ ಮೇಲೆ ತಟ್ಟೆ ಬಾಗಿಲಿಗೆ ಬರುತ್ತದೆ. ಬೆರಳು ತಾಗದ ಹಾಗೆ ಮೇಲಿಂದ ಬಿಡುತ್ತಾನೆ. ಸಾಫ್ತಾಳ ಅಂಗೈಗೆ ಬೀಳುತ್ತಿದ್ದದ್ದು ಪುಡಿ. ತಾನೇ ನಾದಿದ ರೊಟ್ಟಿಯ ಪುಡಿ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು. ನಗಬೇಕು ಅಂತಲೂ ಅವಳಿಗೆ ಅನ್ನಿಸುತ್ತಿರಲಿಲ್ಲ, ಅಳಬೇಕು ಅಂತಲೂ ಅನ್ನಿಸುತ್ತಿರಲಿಲ್ಲ.

ಒಳಗಿದ್ದ ಹೆಂಗಸರು ಹೇಳುತ್ತಿದ್ದರು, "ಈಚೀಚೆಗೆ ರೊಟ್ಟಿ ಎಷ್ಟು ಮೆತ್ತಗಿದೆ ನೋಡೇ. ಅಗ್ರಿಪೀನಾಳ ಪ್ರಾರ್ಥನೆ ಬಲಿತಿದೆ."

*

ಈಗ ಅದೇ ಹೆಂಗಸರು ಬಾವಿಕಟ್ಟೆಯಲ್ಲಿ ಬೂದಿ ಹಾಕಿ ನಾಲಿಗೆ ಉಜ್ಜಿಕೊಂಡರು.

"ನಂಗೆ ಅವತ್ತೇ ಹೊಗೆ ವಾಸ್ನೆ ಬಂದಿತ್ತು ಕಣೇ."

"ನಂಗಂತೂ ಹೋದ ವರ್ಷ ಹೊಟ್ಟೆ ನೋವು ಬಂದಿದ್ದು ಅದ್ಕೇ."

"ನೀನು ಹಂದಿ ಕೊಬ್ಬು ಬಾಣಲೆಗಟ್ಟಲೆ ತಿಂದಿದ್ದೆ. ಅದ್ಕೆ ಬಂದಿದ್ದು."

ಇಗರ್ಜಿಯ ಯಜಮಾನ ಕೋಸ್ತಾಕೆ ಹೆಂಡದಂಗಡಿಯಲ್ಲಿ ಪಾದ್ರಿಯನ್ನೇ ಅಡ್ಡಹಾಕಿದ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಆದರೂ ಅವನ ಮುಂದೆ ಗ್ಲಾಸು ಇತ್ತು. "ಸ್ವಾಮಿ, ಹೋದ ಈಸ್ಟರಿಗೆ ನನ್ನ ಪಾಪ ಕಳೀತು ಅಂದ್ರಿ. ಈಗ ಅದು ಕಳೆದಂಗಾ, ಉಳಿದಂಗಾ?"

ಮೂಲೆಯಿಂದ ಯಾರೋ ಅಂದರು, "ನಿನ್ನ ಪಾಪಕ್ಕೆ ರೊಟ್ಟಿ ಯಾರು ನಾದಿದ್ರೂ ಸಾಲ್ದು ಕಣಯ್ಯಾ. ಒಂದು ಎತ್ತನ್ನೇ ಬೇಯಿಸ್ಬೇಕು."

ನಕ್ಕರು. ಆದರೆ ಆ ಭಾನುವಾರ ಪ್ರಸಾದಕ್ಕೆ ಒಬ್ಬರೂ ಮುಂದೆ ಬರಲಿಲ್ಲ. ರೊಟ್ಟಿ ಪಟ್ಟಣದ ಇಗರ್ಜಿಯಿಂದ ತರಿಸಿದ್ದು. ಆದರೂ ಬರಲಿಲ್ಲ. ಹಿಂದೆ ತಿಂದದ್ದರ ಗತಿ ಏನು, ಅದು ಮೊದಲು ತೀರ್ಮಾನವಾಗಲಿ ಎಂದರು. ಮದುವೆಯಾದವರು ತಮ್ಮ ಮದುವೆ ಮದುವೆಯೇ ಹೌದೋ ಎಂದು ಕೇಳಿದರು. ಸತ್ತವರ ಮನೆಯವರು, ಕೊನೆಗಳಿಗೆಯಲ್ಲಿ ಅವರ ಬಾಯಿಗೆ ಹಾಕಿದ್ದು ಏನು ಎಂದು ಕೇಳಿದರು. ಎಷ್ಟೊಂದು ಜನ, ಎಷ್ಟೊಂದು ಭಯ. ಒಬ್ಬರಿಗೂ ಆ ಹೆಂಗಸು ಅಷ್ಟು ಕಾಲ ಹಸಿದು ನಾದಿದ್ದು ನೆನಪಿಗೆ ಬರಲಿಲ್ಲ.

ವಿಯೋರಿಕಾಳಿಗೆ ಈಗ ತನ್ನ ಬಾಯಿಯೇ ಶತ್ರು. ಬೀದಿಯಲ್ಲಿ ಹೋದರೆ ಜನ ಅವಳ ಅತ್ತೆಯನ್ನೂ ಸೇರಿಸಿ ಉಗಿಯುತ್ತಿದ್ದರು. ಅವಳೇ ಪಾದ್ರಿಯ ಹತ್ತಿರ ಓಡಿದಳು. "ಸ್ವಾಮಿ, ನಾನು ಸರಿಯಾಗಿ ನೋಡ್ಲಿಲ್ಲ ಅಂತೀನಿ. ಅವಳೂ ಮುಟ್ಲಿಲ್ಲ ಅಂತ ಆಣೆ ಮಾಡ್ಲಿ. ಮುಗೀಲಿ."

*

ಪಾದ್ರಿ ತೆಯೋಫಿಲ್ ಮಣ್ಣುಗುಂಡಿಗೆ ಬಂದ. ಅವನು ಕೆಟ್ಟವನಲ್ಲ. ಸಾವಾದಾಗ ಬರುತ್ತಿದ್ದ. ಉಳಿದಂತೆ ಬರಲು ಪುರುಸೊತ್ತಿರಲಿಲ್ಲ. ಹಿಮ ಕರಗಿ ಕೇರಿಯೆಲ್ಲ ಕೆಸರು. ಬೂಟು ಹೂತುಕೊಂಡಿತ್ತು. ಸಾಫ್ತಾ ಸ್ಟೂಲು ತಂದು ಒರೆಸಿದಳು.

"ಕೂತ್ಕೊಳ್ಳಿ ಸ್ವಾಮಿ."

"ಬೇಡ. ಹೊತ್ತಾಯ್ತು." ನಿಂತೇ ಇದ್ದ. "ಸಾಫ್ತಾ, ಭಾನುವಾರ ಬಾ. ಒಳಗೆ ಬಾ. ಸುವಾರ್ತೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳು. ನೀರು ತಂದೆ, ಸೌದೆ ತಂದೆ, ಹಿಟ್ಟು ಮುಟ್ಟಲಿಲ್ಲ ಅಂತ."

"ಮುಟ್ಟಿದ್ದೀನಲ್ಲ ಸ್ವಾಮಿ."

"ಗೊತ್ತು."

"ನಿಮಗೂ ಗೊತ್ತು. ದೇವ್ರಿಗೂ ಗೊತ್ತು. ಇನ್ಯಾರಿಗೆ ಹೇಳೋದು?"

"ಊರಿಗೆ."

"ಊರಿಗೂ ಗೊತ್ತು."

"ಗೊತ್ತಿರೋದನ್ನ ಮರೆಯೋಕೆ ಊರಿಗೊಂದು ದಾರಿ ಬೇಕು ಸಾಫ್ತಾ." ಅವನೂ ದಣಿದಿದ್ದ. ಗಡ್ಡ ನೀವಿಕೊಂಡ. "ಈಸ್ಟರ್ ಹತ್ರ ಬಂತು. ಜನ ಪೀಠದಿಂದ ದೂರ ನಿಂತಿದ್ದಾರೆ. ನೀನೊಂದು ಮಾತು ಹೇಳಿದ್ರೆ ಎಲ್ಲ ಸರಿಹೋಗುತ್ತೆ. ನಾನು ಕೋಸ್ತಾಕೆ ಹತ್ರ ಮಾತಾಡಿದ್ದೀನಿ. ಇನ್ಮೇಲೆ ನೀನು ಒಳಗೆ ನಿಲ್ಲಬಹುದು. ಹೆಂಗಸರ ಕಡೆ, ಚಳಿ ಕಾಯಿಸೋ ಒಲೆ ಪಕ್ಕ."

ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದ ನಾರ್ಚೀಸಾ ಚಾಕು ಹಿಡಿದೇ ಬಾಗಿಲಿಗೆ ಬಂದಳು. ಅವಳು ಊರಿನ ಇಗರ್ಜಿ ಬಿಟ್ಟು ಬಹಳ ದಿನವಾಗಿತ್ತು. ಪಟ್ಟಣದಲ್ಲಿ ಶೆಡ್ಡಿನೊಳಗೆ ಕೈತಟ್ಟಿ ಹಾಡುವ ಸಭೆಗೆ ಹೋಗುತ್ತಿದ್ದಳು.

"ಸ್ವಾಮಿ, ಸುಳ್ಳು ಆಣೆ ಮಾಡಿದ್ರೆ ಒಲೆ ಪಕ್ಕ ಜಾಗ. ನಿಜ ಹೇಳಿದ್ರೆ?"

ಪಾದ್ರಿ ಹೋಗಲು ತಿರುಗಿದ.

"ಬಾಗಿಲೂ ಇಲ್ಲ ಅಲ್ವಾ? ಜಗಲಿನೂ ಇಲ್ಲ."

"ನಾರ್ಚೀಸಾ, ಒಳಗೆ ಹೋಗು," ಅಂದಳು ಸಾಫ್ತಾ.

ಪಾದ್ರಿ ಬೂಟು ಕಿತ್ತು ಕಿತ್ತು ಇಡುತ್ತ ಹೋದ. ನಾರ್ಚೀಸಾ ತಾಯಿಯ ಮೇಲೆ ಹರಿಹಾಯ್ದಳು. "ಇಷ್ಟಾದ್ರೂ ಅಲ್ಲಿಗೇ ಹೋಗ್ತೀಯಾ ಅವ್ವ? ನಮ್ ಸಭೆಗೆ ಬಾ. ಕುರ್ಚಿ ಹಾಕ್ತಾರೆ. ಅಕ್ಕ ಅಂತಾರೆ."

"ನಿಮ್ ಸಭೆಲಿ ಬಹಳ ಕೂಗ್ತಾರೆ ಕಣೇ. ನಂಗೆ ತಲೆ ನೋಯುತ್ತೆ."

"ಅಲ್ಲಿ ಬಾಗಿಲಾಚೆ ಮಳೇಲಿ ನೆಂದ್ರೆ ನೋಯಲ್ವಾ?"

ಸಾಫ್ತಾ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಮುದ್ದೆ ತಿರುವಿದಳು. ಮಗಳು ಹೇಳಿದ್ದೆಲ್ಲ ನಿಜ. ಆದರೆ ಅವಳ ಗಂಡನಿಗೆ ಮಣ್ಣು ಹಾಕುವಾಗ ಹಾಡಿದ್ದು ಆ ಇಗರ್ಜಿಯ ಹಾಡು. ಅವಳಿಗೆ ಗೊತ್ತಿದ್ದ ಪ್ರಾರ್ಥನೆಯೆಲ್ಲ ಆ ಬಾಗಿಲ ಸಂದಿಯಿಂದ ಕೇಳಿ ಕಲಿತದ್ದು. ಯಾರದೋ ಮನೆಯ ಬೆಂಕಿಯನ್ನು ಬೇಲಿಯಾಚೆ ನಿಂತು ಕಾಯಿಸಿಕೊಂಡ ಹಾಗೆ. ಬೆಂಕಿ ಅವರದಾದರೂ ಕಾವು ಇವಳಿಗೂ ತಗುಲಿತ್ತು.

ಮಾರನೆಯ ದಿನ ಅಗ್ರಿಪೀನಾ ಹೇಳಿಕಳಿಸಿದಳು. ಸಾಫ್ತಾ ಹಿಂಬಾಗಿಲಿಂದ ಹೋದಳು. ವಿಯೋರಿಕಾ ಮುಖ ತಿರುಗಿಸಿ ಹೊರಗೆ ಹೋದಳು. ಮುದುಕಿ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದಳು. ಆ ಗಲಾಟೆಯಾದಾಗಿಂದ ಯಾರೂ ಮೈ ತೊಳೆದಿರಲಿಲ್ಲ. ವಾಸನೆ ಬರುತ್ತಿತ್ತು. ಸಾಫ್ತಾ ಮಾತಿಗೆ ಮುಂಚೆ ನೀರು ಕಾಯಿಸಿದಳು. ತೊಳೆದಳು. ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚಿದಳು. ಅಂಗಿ ಬದಲಿಸಿದಳು.

"ಸಾಫ್ತಾ."

"ಹೇಳಜ್ಜಿ."

"ಗೋಡೆ ಪಕ್ಕ ನನ್ನ ಜಾಗ ಕಿತ್ಕೊಳ್ತಾರಂತೆ. ಕೋಸ್ತಾಕೆ ಬಂದು ಹೇಳಿ ಹೋದ. ಬೇಲಿ ಹತ್ರ ಹಾಕ್ತಾರಂತೆ. ನೇಣು ಹಾಕ್ಕೊಂಡೋರನ್ನ ಹಾಕ್ತಾರಲ್ಲ, ಅಲ್ಲಿ."

ಸಾಫ್ತಾ ಬಿಚ್ಚಿದ ಅಂಗಿಯನ್ನು ಮುದುರಿ ಪಕ್ಕಕ್ಕಿಟ್ಟಳು.

"ಒಂದು ಸುಳ್ಳು ಹೇಳಿಬಿಡೇ. ನಾನು ನಿನ್ನ ಇದ್ರಲ್ಲಿ ಸಿಕ್ಕಿಸ್ದೆ, ಗೊತ್ತು. ನಾನೇ ಹೇಳ್ಬೇಕು ನಿಜಾನ. ನಂಗೆ ಧೈರ್ಯ ಇಲ್ಲ." ಸೊಟ್ಟ ಬೆರಳುಗಳು ಸಾಫ್ತಾಳ ಮಣಿಕಟ್ಟು ಹುಡುಕಿದವು. "ಆ ಪಾಪ ನನ್ನ ಮೇಲೆ ಬರ್ಲಿ. ದೇವ್ರ ಮುಂದೆ ನಾನೇ ಹೊರ್ತೀನಿ."

"ಇಷ್ಟು ಮೈಯಲ್ಲಿ ಇನ್ನೇನು ಹೊರ್ತೀಯಾ ಅಜ್ಜಿ. ಮಲ್ಕೋ."

"ಹೇಳ್ತೀಯಾ?"

ಸಾಫ್ತಾ ಹೊದಿಕೆ ಸರಿಮಾಡಿದಳು. "ಆಯ್ತು. ಹೇಳ್ತೀನಿ."

ಕೆಳಗಿಳಿಯುವಾಗ ದಾರಿಯಲ್ಲಿ ನಿಂತು ನಿಂತು ಹೋದಳು. ಒಂದು ಸುಳ್ಳು. ಬದುಕಿಡೀ ಹೌದು ಸ್ವಾಮಿ, ಇಲ್ಲ ಯಜಮಾನರೇ ಅಂದದ್ದರಲ್ಲಿ ಎಷ್ಟು ಸುಳ್ಳಿತ್ತೋ. ಅದರ ಜೊತೆ ಇನ್ನೊಂದು. ಮುದುಕಿ ಗೋಡೆಯ ಪಕ್ಕ ಮಲಗಲಿ. ತಾನು ಒಲೆಯ ಪಕ್ಕ ನಿಲ್ಲಲಿ. ಮಂಡಿಗೆ ಚಳಿ ತಡೆಯುವುದಿಲ್ಲ ಈಗ. ದೇವರು ನೋಡುತ್ತಾನೆ. ನೋಡಿ ಅವನಾದರೂ ಏನು ಮಾಡಿಯಾನು, ಅವನನ್ನೂ ಇಂಥವರೇ ಸುಳ್ಳು ಸಾಕ್ಷಿ ಹೇಳಿಸಿ ಅಲ್ಲವೇ ಶಿಲುಬೆಗೆ ಮೊಳೆ ಹೊಡೆದದ್ದು.

*

ಭಾನುವಾರ ಇಗರ್ಜಿ ತುಂಬಿತ್ತು. ಎಂದೂ ಬಾರದವರೂ ಬಂದಿದ್ದರು. ಸಾಫ್ತಾ ಒಗೆದ ರುಮಾಲು ತಲೆಗೆ ಬಿಗಿದುಕೊಂಡು ಬಂದಳು. ಜಗಲಿಯಲ್ಲಿ ಕೇರಿಯವರು ದಾರಿ ಬಿಟ್ಟರು. ಬಾಗಿಲು ದಾಟಿದಳು. ಒಲೆಯ ಕಾವು ಮುಖಕ್ಕೆ ಹೊಡೆಯಿತು. ಮೇಣ, ಧೂಪ, ಒದ್ದೆ ಉಣ್ಣೆಯ ವಾಸನೆ. ಒಲೆಯ ಪಕ್ಕ ಹೆಂಗಸರು ಸರಿದು ಒಬ್ಬಳು ನಿಲ್ಲುವಷ್ಟು ಜಾಗ ಮಾಡಿದ್ದರು. ಮೂಗು ಮುಚ್ಚಿಕೊಳ್ಳಲಿಲ್ಲ. ಹೇಳಿಕೊಟ್ಟಿದ್ದರು ಅಂತ ಕಾಣುತ್ತದೆ.

ಮಂಡಿಯ ಗಂಟು ಬಿಸಿಗೆ ಸಡಿಲವಾಯಿತು. ಇಷ್ಟು ಸುಖವಿದೆಯಾ ಒಳಗೆ ಅನ್ನಿಸಿತು. ಕಣ್ಣು ಎಳೆಯಿತು.

"ಸಾಫ್ತಾ, ಮುಂದೆ ಬಾ," ಅಂದ ಪಾದ್ರಿ.

ನಡುವೆ ಎತ್ತರದ ಮೇಜಿನ ಮೇಲೆ ಸುವಾರ್ತೆಯ ಪುಸ್ತಕವಿತ್ತು. ಬೆಳ್ಳಿ ರಟ್ಟಿನ ದಪ್ಪ ಪುಸ್ತಕ. ಮೇಲೆ ಶಿಲುಬೆಯ ಕ್ರಿಸ್ತ. ಪ್ರತಿ ಶನಿವಾರ ಆ ಮೇಜಿನ ಕಾಲು ಒರೆಸುವಾಗ ಸಾಫ್ತಾ ಅದನ್ನು ಕೆಳಗಿಂದ ನೋಡಿದ್ದಳು. ಮುಟ್ಟಿರಲಿಲ್ಲ.

"ಬಲಗೈ ಇಡು. ನಾನು ಹೇಳಿಕೊಟ್ಟ ಹಾಗೆ ಹೇಳು."

ಸಾಫ್ತಾ ಕೈ ಎತ್ತಿದಳು.

"ಒಂದ್ನಿಮಿಷ, ಒಂದ್ನಿಮಿಷ!" ಕೋಸ್ತಾಕೆ ಮುಂದೆ ಬಂದ. ಕೈಯಲ್ಲಿ ಟವಲಿತ್ತು. ಬಿಚ್ಚಿ ಪುಸ್ತಕದ ಮೇಲೆ ಹೊದಿಸಿದ. ಕ್ರಿಸ್ತನ ಮುಖದ ಮೇಲೆ ಟವಲು ಬಿತ್ತು. ಮೂಲೆ ಎಳೆದು ಸರಿಮಾಡಿದ, ಸ್ವಲ್ಪವೂ ಬೆಳ್ಳಿ ಕಾಣದ ಹಾಗೆ. "ಹಾಂ. ಈಗ ಇಡು."

ಸಾಫ್ತಾಳ ಕೈ ಗಾಳಿಯಲ್ಲೇ ನಿಂತಿತು. ಅವಳು ಆ ಕೈಯನ್ನು ನೋಡಿದಳು. ಬಿರುಕು ಬಿಟ್ಟ ಕೈ. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಎಷ್ಟು ಉಜ್ಜಿದರೂ ಹೋಗದ ಮಣ್ಣು. ಹಾಗೆಯೇ ಟವಲನ್ನು ನೋಡಿದಳು.

"ಟವಲು ಯಾಕೆ ಯಜಮಾನರೇ?"

"ಇರ್ಲಿ ಬಿಡಮ್ಮಿ. ಇಡು, ಇಡು. ಆಣೆ ತೂರ್ಕೊಂಡು ಒಳಗೆ ಹೋಗುತ್ತೆ."

ಯಾರೋ ಕಿಸಕ್ಕನೆ ನಕ್ಕರು.

"ಸ್ವಾಮಿ, ಟವಲು ತೆಗೀರಿ."

ಪಾದ್ರಿ ಕೋಸ್ತಾಕೆಯ ಮುಖ ನೋಡಿದ. ಕೋಸ್ತಾಕೆ ಜನರ ಮುಖ ನೋಡಿದ. ಟವಲು ಯಾರೂ ತೆಗೆಯಲಿಲ್ಲ. ಪಾದ್ರಿ ದನಿ ಇಳಿಸಿ ಅಂದ, "ಸಾಫ್ತಾ, ಒಂದು ಗಳಿಗೆಯ ಮಾತು. ತಡ್ಕೋ."

ತಡೆದುಕೊಂಡಿದ್ದಳು. ಜಗಲಿ ತಡೆದುಕೊಂಡಿದ್ದಳು, ಪುಡಿ ತಡೆದುಕೊಂಡಿದ್ದಳು, ಹಂದಿಗೆ ಹಾಕಿದ್ದು ತಡೆದುಕೊಂಡಿದ್ದಳು. ಸುಳ್ಳನ್ನೂ ಹೊತ್ತುಕೊಂಡು ದಿಬ್ಬ ಹತ್ತಿ ಬಂದಿದ್ದಳು. ಸುಳ್ಳು ಹೇಳಲೂ ಇವಳ ಕೈ ತಾಗಬಾರದು ಅಂದರೆ! ಅದೂ ಅವನ ಮುಖಕ್ಕೆ ಬಟ್ಟೆ ಮುಚ್ಚಿ!

ಸಾಫ್ತಾ ಕೈ ಕೆಳಗಿಳಿಸಿದಳು.

"ನಾನೇ ನಾದಿದ್ದು," ಅಂದಳು.

ಮೊದಲು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಅವಳ ದನಿ ಆ ಗೋಡೆಗಳ ನಡುವೆ ಅಷ್ಟು ಜೋರಾಗಿ ಎಂದೂ ಹೊರಟಿರಲಿಲ್ಲ.

"ನಾನೇ ನಾದಿದ್ದು. ನೀವು ತಿಂದಿದ್ದು ನನ್ನ ಕೈಯಿಂದು. ಅಗ್ರಿಪೀನಾ ಅಜ್ಜಿ ಕೈ ಸೊಟ್ಟಗಾಗಿತ್ತು. ಅವಳು ಪ್ರಾರ್ಥನೆ ಹೇಳಿದ್ಲು, ನಾನು ನಾದಿದೆ. ಒಬ್ಬರ ಭಾರ ಒಬ್ಬರು ಹೊರಿ ಅಂತ ನೀವೇ ಓದಿದ್ರಿ ಸ್ವಾಮಿ. ಬಾಗಿಲಾಚೆ ನಿಂತು ಕೇಳಿದ್ದೆ. ಅಜ್ಜಿನ ಬೇಲಿ ಹತ್ರ ಹಾಕ್ತೀರಾ? ಹಾಕಿ. ಅಲ್ಲಿ ನೆಲ ಮೆತ್ತಗಿದೆ. ತೋಡೋರು ಹೆಂಗೂ ನಾವೇ ಅಲ್ವಾ. ನಾನೇ ಬಂದು ತೋಡ್ತೀನಿ, ನಾನೇ ಮಣ್ಣು ಹಾಕ್ತೀನಿ."

"ಬಾಯಿ ಮುಚ್ಚೇ!" ಕೋಸ್ತಾಕೆ ಕೂಗಿದ. "ಇಗರ್ಜಿ ಇದು!"

"ಗೊತ್ತು ಯಜಮಾನರೇ. ತೊಳೆಯೋಳು ನಾನೇ."

ವಿಯೋರಿಕಾ ಹೆಂಗಸರ ಸಾಲಿನಲ್ಲಿ ಅಳಲು ಶುರುಮಾಡಿದಳು. ಸಿಟ್ಟಿಗೋ ನಾಚಿಕೆಗೋ ಅವಳಿಗೇ ಗೊತ್ತಿರಲಿಲ್ಲ. ಒಬ್ಬ ಮುದುಕ ನೆಲಕ್ಕೆ ಉಗಿದ. ಇನ್ನೊಬ್ಬ, "ಥೂ, ದೇವರ ಮನೇಲಿ ಉಗೀತೀಯಲ್ಲೋ," ಎಂದು ಅವನನ್ನು ಬೈದ.

"ವಾಪಸ್ ಕಕ್ಕೋಕಾಗುತ್ತಾ ನಿಮಗೆ?" ಸಾಫ್ತಾ ಕೇಳಿದಳು. ಕೂಗಲಿಲ್ಲ. ಅವಳ ದನಿ ಆಗಲೇ ಸೋತಿತ್ತು. "ಆಗಲ್ಲ. ರಕ್ತ ಆಗಿದೆ. ಮಾಂಸ ಆಗಿದೆ. ಏನು ಮಾಡ್ತೀರೋ ಮಾಡ್ಕೊಳ್ಳಿ."

ತಿರುಗಿದಳು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳಲಿಲ್ಲ, ಮಂಡಿಯೂರಲಿಲ್ಲ. ಜನ ಎರಡು ಪಾಲಾಗಿ ದೂರ ಸರಿದರು. ಒಲೆಯ ಪಕ್ಕದ ಜಾಗ ಹಾಗೇ ಖಾಲಿ ಇತ್ತು. ಅದರ ಮುಂದೆಯೇ ಹಾದು ಹೋದಳು. ಮಂಡಿ ಕೇಳಿತು, ನಿಲ್ಲೇ ಎಂದು. ನಿಲ್ಲಲಿಲ್ಲ. ಬಾಗಿಲು ದಾಟಿದಳು. ಜಗಲಿ ದಾಟಿದಳು. ಕೇರಿಯ ಹೆಂಗಸೊಬ್ಬಳು ರಟ್ಟೆ ಹಿಡಿದಳು.

"ಇಲ್ಲೇ ನಿಂತ್ಕೋ ಬಾರೇ. ಇಲ್ಲಿಗೆ ಅವರು ಬರಲ್ಲ."

"ಬೇಡ ಕಣವ್ವ. ಇಲ್ಲಿ ಸಾಕಾಯ್ತು."

ಪಾದ್ರಿ ತೆಯೋಫಿಲ್ ಪೂಜೆಯ ನಿಲುವಂಗಿಯಲ್ಲೇ ಹೊರಗೆ ಓಡಿ ಬಂದ. ಅಂಗಿಯ ಅಂಚು ಕೆಸರಿಗೆ ತಾಗಿತು. "ಸಾಫ್ತಾ! ಸಾಫ್ತಾ, ನಿಲ್ಲು. ಟವಲು ತೆಗೆಸ್ತೀನಿ. ಬಾ. ದೇವರನ್ನ ಬಿಟ್ಟು ಎಲ್ಲಿಗೆ ಹೋಗ್ತೀಯಾ?"

ಅವಳು ಗೇಟಿನ ಹತ್ತಿರ ಒಂದು ಗಳಿಗೆ ನಿಂತಳು. ಉಸಿರು ಎಳೆದುಕೊಂಡಳು.

"ದೇವ್ರ ಹತ್ರ ನಂಗೇನೂ ಜಗಳ ಇಲ್ಲ ಸ್ವಾಮಿ. ಅವನು ನನ್ನ ಜೊತೆ ಬರ್ತಾನೆ. ನೀವು ಒಳಗೆ ಹೋಗಿ, ಚಳಿ ಇದೆ."

ಗೇಟು ತೆರೆದಳು. ಹಿಂದೆ ಮುಚ್ಚಲಿಲ್ಲ. ಕೆಸರಿನ ದಾರಿಯಲ್ಲಿ ಇಳಿಯತೊಡಗಿದಳು. ಹೊಟ್ಟೆ ಖಾಲಿ ಇತ್ತು. ಸೊಂಟ ನೋಯುತ್ತಿತ್ತು. ಒಂದೊಂದು ಹೆಜ್ಜೆಗೆ ಒಂದೊಂದು ಸಲ ಕರ್ತನೇ, ಕರುಣಿಸು ಎಂದಳು.

ಒಳಗೆ ಕೋಸ್ತಾಕೆ ಟವಲು ಮಡಿಚುತ್ತ ಅಂದ, "ಹೋಗ್ಲಿ ಬಿಡಿ. ಎಲ್ಲಿಗೆ ಹೋಗ್ತಾಳೆ? ಬೇಸರ ಕಳೆದ ಮೇಲೆ ಬರ್ತಾಳೆ."

ಶನಿವಾರ ನೆಲ ತೊಳೆಯುವವರಿಲ್ಲದೆ ಮೇಣ ಹಾಗೇ ಇತ್ತು. ಬರಲಿಲ್ಲ. ಈಸ್ಟರಿನ ಗಂಟೆ ದಿಬ್ಬದಿಂದ ಕೇರಿಯವರೆಗೂ ಕೇಳಿಸಿತು. ಆಗಲೂ ಸಾಫ್ತಾ ಬರಲಿಲ್ಲ.